ಅಕ್ಕನಿಗೊಂದು ಪತ್ರ: ಪಕ್ಕದ ಬೆಂಚಿನಲ್ಲಿ ಕೂತವರ ಜೊತೆ ಮಾತಿಲ್ಲ

ಈ ತಿಂಗಳ ಪತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ಕೂತಾಗ ನಾಲ್ಕನ್ನು ಬೇರೆ ತೆಗೆದಿಟ್ಟೆ. ಊರು ಬೇರೆ, ವಯಸ್ಸು ಬೇರೆ, ಸಭೆಗಳೂ (ಚರ್ಚುಗಳೂ) ಬೇರೆ. ಆದರೆ ಓದಿ ಮುಗಿಸಿದ ಮೇಲೆ ಉಳಿಯುವ ಭಾರ ಒಂದೇ. ಒಂದೇ ಪುಸ್ತಕ ಹಿಡಿದು ಕೀರ್ತನೆ ಹಾಡಿದವರು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಮುಖ ತಿರುಗಿಸುತ್ತಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ನಾಲ್ಕಕ್ಕೇ ಉತ್ತರ ಬರೆಯುತ್ತಿದ್ದೇನೆ. ಯಾರು ಅಂತ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚು. ಎಲ್ಲ ಸೇರಿ ನಲವತ್ತು ಮನೆ. ಸ್ತ್ರೀಯರ ಕೂಟದ ಲೆಕ್ಕ ಆರು ವರ್ಷದಿಂದ ನಾನೇ ಬರೆಯುತ್ತಿದ್ದೆ. ಸುಗ್ಗಿ ಹಬ್ಬದ ಹರಾಜಿನ ದುಡ್ಡಿನ ಬಗ್ಗೆ ಒಬ್ಬ ಸಹೋದರಿಗೆ ಅನುಮಾನ ಬಂದಿದೆ. ನನ್ನನ್ನು ಏನೂ ಕೇಳಲಿಲ್ಲ. ಮನೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ "ದೇವರ ಹಣ ಮುಟ್ಟುವವರ ಕೈ ಶುದ್ಧವಾಗಿರಲಿ ಅಂತ ಪ್ರಾರ್ಥಿಸೋಣ" ಅಂದರು. ಎಲ್ಲರೂ ಕಣ್ಣು ಮುಚ್ಚಿದ್ದರು, ಆದ್ರೂ ಎಲ್ಲರೂ ನನ್ನನ್ನೇ ನೋಡಿದ ಹಾಗಾಯಿತು. ಎಂಟು ತಿಂಗಳಾಯಿತು, ಮಾತಿಲ್ಲ. ಮನಸ್ಸಲ್ಲಿ ಕಹಿ ಇಟ್ಟುಕೊಂಡು ಕರ್ತನ ಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ತಗೊಳ್ಳುವುದು ತಪ್ಪು ಅಂತ ಮುಂದೆ ಹೋಗುವುದನ್ನೇ ಬಿಟ್ಟಿದ್ದೇನೆ. ಅವರ ಸಹವಾಸ ಬೇಡ, ನಾನು ಪರಿಶುದ್ಧವಾಗಿ ಇದ್ದರೆ ಸಾಕು ಅನ್ನಿಸುತ್ತದೆ. ಸರಿ ತಾನೇ?

ಉತ್ತರ: ತಂಗಿ, ಪ್ರಾರ್ಥನೆಯ ಒಳಗೆ ಸೇರಿಸಿ ಚುಚ್ಚಿದ ಮಾತು ಬೇರೆ ಮಾತಿಗಿಂತ ಜಾಸ್ತಿ ನೋಯಿಸುತ್ತದೆ. ತಿರುಗಿ ಉತ್ತರ ಕೊಡೋಕೆ ಆಗಲ್ಲ. ಕೊನೆಗೆ ಆಮೆನ್ ಬೇರೆ ಅನ್ನಬೇಕು. ಆ ಸಹೋದರಿ ಮಾಡಿದ್ದು ತಪ್ಪು. ಅನುಮಾನ ಇದ್ದಿದ್ದರೆ ನಿಮ್ಮ ಮನೆಗೆ ಬಂದು ಪುಸ್ತಕ ತೋರಿಸಿ ಅಂತ ಕೇಳಬೇಕಿತ್ತು. ದೇವರ ಹತ್ತಿರ ಹೇಳುವ ನೆಪದಲ್ಲಿ ಜನರಿಗೆ ಹೇಳುವುದು ಚಾಡಿಯೇ.

ಆದರೆ ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಒಪ್ಪಲ್ಲ. ಅದನ್ನು ಎರಡು ಸಲ ಓದಿದೆ. ಅವರ ಸಹವಾಸ ಬಿಟ್ಟರೆ ನೀವು ಪರಿಶುದ್ಧವಾಗಿ ಉಳಿಯುತ್ತೀರಿ ಅಂತ ಯಾರು ಹೇಳಿಕೊಟ್ಟರು? ಸತ್ಯವೇದದಲ್ಲಿ (ಬೈಬಲಿನಲ್ಲಿ) ಇಬ್ರಿಯರಿಗೆ ಬರೆದ ಪತ್ರಿಕೆ 12ನೇ ಅಧ್ಯಾಯದ 14ನೇ ವಚನ ತೆಗೆಯಿರಿ. ಎಲ್ಲರ ಜೊತೆ ಸಮಾಧಾನ, ಮತ್ತು ಪರಿಶುದ್ಧತೆ, ಎರಡೂ ಒಂದೇ ವಾಕ್ಯದಲ್ಲಿವೆ. ಮೂಲ ಗ್ರೀಕಿನಲ್ಲಿ ಎರಡಕ್ಕೂ ಇರುವುದು ಒಂದೇ ಕ್ರಿಯಾಪದ, ಬೆನ್ನಟ್ಟಿ ಹೋಗಿ ಅನ್ನುವ ಅರ್ಥದ್ದು. ಕೂತಲ್ಲೇ ಕಾಯುವ ಮಾತೇ ಅಲ್ಲಿಲ್ಲ. ನಾವು ಮಾತ್ರ ಆ ವಾಕ್ಯವನ್ನು ಎರಡು ತುಂಡು ಮಾಡಿಕೊಂಡು, ಪರಿಶುದ್ಧತೆಯನ್ನು ನಮ್ಮ ಕೋಣೆಗೆ ತಂದಿಟ್ಟುಕೊಂಡು, ಸಮಾಧಾನವನ್ನು ಆಚೆಯವರ ಮೇಲೆ ಹಾಕಿಬಿಟ್ಟಿದ್ದೇವೆ.

ಇನ್ನೂ ಹಿಂದಕ್ಕೆ ಹೋಗಿ. ಯಾಜಕಕಾಂಡ 19ನೇ ಅಧ್ಯಾಯ ನಮ್ಮಲ್ಲಿ ಜಾಸ್ತಿ ಜನ ಓದಲ್ಲ, ಯಾಜಕಕಾಂಡ ಅಂದ ಕೂಡಲೇ ಬಲಿ, ರಕ್ತ, ನಿಯಮ ಅಂತ ಪುಟ ತಿರುವಿಬಿಡುತ್ತೇವೆ. ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಅಂತ ದೇವರು ಹೇಳುವುದರಿಂದ ಆ ಅಧ್ಯಾಯ ಶುರುವಾಗುತ್ತದೆ. ಹಾಗಾದ್ರೆ ಏನು ಮಾಡಬೇಕು ಅಂದರೆ, ಹೊಲದ ಅಂಚಿನ ಪೈರು ಬಡವರಿಗೆ ಬಿಡಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡಿ. ಕಿವುಡನನ್ನು ಬಯ್ಯಬೇಡಿ. ಕುರುಡನ ದಾರಿಯಲ್ಲಿ ಎಡವುವಂಥದ್ದು ಇಡಬೇಡಿ. ಆಮೇಲೆ 16ನೇ ವಚನ: ಚಾಡಿ ಹೇಳುತ್ತಾ ತಿರುಗಬೇಡಿ. ಇದು ಆ ಸಹೋದರಿಗೆ. ಅದರ ಮುಂದಿನದೇ 17: ಸಹೋದರನ ಮೇಲೆ ಒಳಗೊಳಗೇ ದ್ವೇಷ ಇಟ್ಟುಕೊಳ್ಳಬೇಡಿ, ತಪ್ಪಿದ್ದರೆ ಅವನಿಗೇ ಹೇಳಿ. ಇದು ನಿಮಗೆ, ತಂಗಿ. ಎರಡೂ ಪಕ್ಕಪಕ್ಕದಲ್ಲೇ ಇವೆ. ನಿನ್ನಂತೆಯೇ ನೆರೆಯವನನ್ನು ಪ್ರೀತಿಸು ಅನ್ನುವ, ಯೇಸು ಎತ್ತಿ ಹೇಳಿದ ಆ ಮಾತು ಬರುವುದು ಇದಾದ ಮೇಲೆ, 18ರಲ್ಲಿ.

ಈಗ ಕರ್ತನ ಭೋಜನದ ವಿಷಯ. ಅಯೋಗ್ಯವಾಗಿ ತಿನ್ನಬಾರದು ಅಂತ, ಮೊದಲ ಕಾಲದ ಸಭೆಗಳಿಗೆ ಪತ್ರ ಬರೆಯುತ್ತಿದ್ದ ಅಪೊಸ್ತಲ ಪೌಲ ಬರೆದದ್ದು ನಿಜ, 1 ಕೊರಿಂಥ (ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆ) 11ರಲ್ಲಿ. ಆದರೆ ಅಲ್ಲಿ ನಡೆದದ್ದೇನು ನೋಡಿ. ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ತಿಂದು ಕುಡಿಯುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಪೌಲನ ಸಿಟ್ಟು ಅದಕ್ಕೆ. ಅದಕ್ಕೆ ಅವನು ಕೊಟ್ಟ ಔಷಧಿ ಏನು? 28ನೇ ವಚನ: ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು, ಆಮೇಲೆ ತಿನ್ನಲಿ. ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಅಂತ ಬರೆದಿಲ್ಲ. ಮತ್ತಾಯ 5ರಲ್ಲೂ ಹಾಗೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗು, ಸಮಾಧಾನ ಮಾಡಿಕೊಂಡು ವಾಪಸು ಬಾ. ಈ ವಾಪಸು ಬಾ ಅನ್ನುವುದನ್ನು ನಾವು ಮರೆತಿದ್ದೇವೆ. ನೀವು ಎಂಟು ತಿಂಗಳಿಂದ ಕಾಣಿಕೆಯನ್ನೂ ಬಿಟ್ಟಿದ್ದೀರಿ, ಹೋಗಿಯೂ ಇಲ್ಲ, ಬಂದೂ ಇಲ್ಲ.

ನಿಮ್ಮದು ಸಿಎಸ್‌ಐ ಸಭೆ ಅಂದಿರಿ. ಹಾಗಾದರೆ ಇದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಭೋಜನದ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ, ಕಾಣಿಕೆ ಮುಂದೆ ತರುವ ಮೊದಲು ಸಮಾಧಾನ ಹಂಚಿಕೊಳ್ಳುವುದು ಇರುತ್ತದೆ. ಇದು ಹಳೇ ಕಾಲದ ಸಭೆಯ ಪದ್ಧತಿ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಕೊಂಡು ಬಂದಿತ್ತು. 1950ರಲ್ಲಿ ಸಿಎಸ್‌ಐ ತನ್ನದೇ ಭೋಜನದ ಕ್ರಮ ಬರೆದಾಗ ಅದನ್ನು ಮತ್ತೆ ತಂದರು. ಕೊಡುವವರ ಬಲ ಅಂಗೈ ತಗೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರ ಎಡಗೈಯೂ ಮೇಲಿಂದ ಮುಚ್ಚಬೇಕು. ಈಗ ಎಷ್ಟೋ ಕಡೆ ಅವಸರದಲ್ಲಿ ಕೈ ಮುಗಿದು ಮುಗಿಸಿಬಿಡುತ್ತಾರೆ. ಆದರೆ ಅದು ಕಾಣಿಕೆಗೂ ರೊಟ್ಟಿಗೂ ಮುಂಚೆ ಬರುವುದಕ್ಕೆ ಕಾರಣ ಇದೆ. ಕಾರಣ ಮತ್ತಾಯ 5.

ಹಾಗಾದರೆ ಏನು ಮಾಡಬೇಕು? ಹೋಗಿ. ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬೇಡ, ನಾಲ್ಕು ಜನ ಸುತ್ತ ನಿಲ್ಲುತ್ತಾರೆ. ಫೋನ್ ಬೇಡ. ಮೆಸೇಜ್ ಅಂತೂ ಬೇಡವೇ ಬೇಡ. ಮಧ್ಯದ ದಿನ, ಸಂಜೆ, ಅವರ ಅಡುಗೆ ಕೆಲಸ ಮುಗಿಯುವ ಹೊತ್ತಿಗೆ ಒಬ್ಬರೇ ಹೋಗಿ. ಯೇಸು ಮತ್ತಾಯ 18:15ರಲ್ಲಿ ಹೇಳಿದ್ದು ಇದನ್ನೇ, ನೀನೂ ಅವನೂ ಇಬ್ಬರೇ ಇರುವಾಗ. ಹೋಗುವಾಗ ಲೆಕ್ಕದ ಪುಸ್ತಕ, ರಸೀದಿ ಎಲ್ಲ ತಗೊಂಡು ಹೋಗಿ. ಹರಾಜಿನ ಪುಟ ತೆಗೆದು ಅವರ ಮುಂದೆ ಇಡಿ: ಹಲಸಿನ ಹಣ್ಣು ಎಷ್ಟಕ್ಕೆ ಹೋಯಿತು, ಕೋಳಿ ಎಷ್ಟಕ್ಕೆ, ಯಾರು ಇನ್ನೂ ದುಡ್ಡು ಕೊಟ್ಟಿಲ್ಲ. ಹರಾಜಿನಲ್ಲಿ ಕೂಗಿದವರು ಆಮೇಲೆ ಕೊಡದೇ ಇರುವುದು ನಮ್ಮ ಎಲ್ಲ ಸಭೆಗಳಲ್ಲೂ ಇದೆ, ಅನುಮಾನ ಹುಟ್ಟುವುದೂ ಅಲ್ಲೇ. ಆಮೇಲೆ ಒಂದೇ ಮಾತು ಹೇಳಿ: "ಅವತ್ತು ಪ್ರಾರ್ಥನೆಯಲ್ಲಿ ನೀವು ಹೇಳಿದ್ದು ನನಗೆ ತುಂಬ ನೋವಾಯಿತು, ನಿಮಗೆ ಅನುಮಾನ ಇದ್ದರೆ ನನ್ನನ್ನೇ ಕೇಳಿ." ಅಷ್ಟು ಸಾಕು. "ನೀವು ಯಾವಾಗಲೂ ಹೀಗೇ" ಅಂತ ಶುರು ಮಾಡಿದರೆ ಹತ್ತು ವರ್ಷದ ಹಿಂದಿನದೆಲ್ಲ ಹೊರಗೆ ಬರುತ್ತದೆ. ಹೇಳಿ ಆದ ಮೇಲೆ ಸುಮ್ನೆ ಕೂತು ಕೇಳಿಸಿಕೊಳ್ಳಿ. ನಿಮಗೆ ಗೊತ್ತಿಲ್ಲದ ಯಾವುದೋ ನೋವು ಅವರಲ್ಲೂ ಇರಬಹುದು.

ಹೋಗುವ ಮುಂಚೆ ನಿಮ್ಮನ್ನು ನೀವು ಒಂದು ಕೇಳಿಕೊಳ್ಳಿ. ಆರು ವರ್ಷದಲ್ಲಿ ಎಷ್ಟು ಸಲ ಲೆಕ್ಕವನ್ನು ಕೂಟದಲ್ಲಿ ಓದಿ ಹೇಳಿದ್ದೀರಿ? ಯಾರೂ ಕೇಳಲಿಲ್ಲ ಅಂತ ಬಿಟ್ಟಿದ್ದರೆ ಅಷ್ಟರ ಮಟ್ಟಿಗೆ ನಿಮ್ಮ ತಪ್ಪೂ ಇದೆ, ಅದನ್ನು ಅವರ ಹತ್ತಿರ ಮೊದಲು ಒಪ್ಪಿಕೊಳ್ಳಿ. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಪೌಲ ಅದನ್ನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ 2 ಕೊರಿಂಥ 8ರಲ್ಲಿ ಬರೆದಿದ್ದಾನೆ. ಪೌಲನಂಥವನೇ ಲೆಕ್ಕಕ್ಕೆ ಜೊತೆ ಕರೆದುಕೊಂಡ ಮೇಲೆ, ಲೆಕ್ಕ ಕೇಳಿದರೆ ನಮಗೆ ಅವಮಾನ ಯಾಕೆ ಆಗಬೇಕು? ಇನ್ನು ಮುಂದೆ ಇಬ್ಬರ ಸಹಿ, ಮೂರು ತಿಂಗಳಿಗೊಮ್ಮೆ ಓದುವುದು ಅಂತ ನೀವೇ ಕೂಟದಲ್ಲಿ ಹೇಳಿ.

ಅವರು ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಿ. ನಿಮ್ಮ ಪರ ಇರುವವರನ್ನು ಬೇಡ, ಅವರಿಗೆ ಗೌರವ ಇರುವವರನ್ನು. ಆಗಲೂ ಆಗದಿದ್ದರೆ ಸಭಾಪಾಲಕರು. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗೆ ಮಾಡುತ್ತೇವೆ. ಮೊದಲು ಊರಿಗೆಲ್ಲ, ಆಮೇಲೆ ಸಭಾಪಾಲಕರಿಗೆ, ಕೊನೆಗೆ ಆ ಮನುಷ್ಯನಿಗೆ. ಕೆಲವೊಮ್ಮೆ ಆ ಮನುಷ್ಯನಿಗೆ ಹೇಳುವುದೇ ಇಲ್ಲ. ನೀವು ಹೋಗಿ ಬಂದು ನನಗೆ ಬರೆಯಿರಿ. ಬರುವ ಭೋಜನದ ಭಾನುವಾರ, ಅವರು ಹೇಗೇ ನಡೆದುಕೊಂಡಿರಲಿ, ನೀವು ಎದ್ದು ಮುಂದೆ ಹೋಗಿ.

ಪ್ರಶ್ನೆ: ಅಕ್ಕ, ನನಗೆ 24 ವರ್ಷ, ಬೆಂಗಳೂರು. ಚಿಕ್ಕಂದಿನಿಂದ ಒಂದೇ ಸಭೆ. ಸಭಾ ಸಮಿತಿಯ ಚುನಾವಣೆ ಆದ ಮೇಲೆ ಎರಡು ಗುಂಪಾಗಿದೆ. ಒಂದು ಗುಂಪು ಕೋರ್ಟಿಗೆ ಹೋಗಿದೆ. ಯುವಕರ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಎದ್ದರೆ ಒಬ್ಬರಿಗೊಬ್ಬರು ಚುಚ್ಚುವ ವಚನಗಳು. ನನ್ನ ಗೆಳೆಯರು ಬೇಸತ್ತು, ಇಲ್ಲಿ ಪರಿಶುದ್ಧತೆ ಇಲ್ಲ, ಬೇರೆ ಶುದ್ಧವಾದ ಸಭೆಗೆ ಹೋಗೋಣ ಅಂತಿದ್ದಾರೆ. ನಾನೂ ಹೋಗಲಾ?

ಉತ್ತರ: ತಮ್ಮಾ, ನೀನು ಹುಡುಕುತ್ತಿರುವ ಆ ಸಭೆ ಸತ್ಯವೇದದಲ್ಲೂ ಸಿಗಲ್ಲ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರಿಕೆ ತೆಗೆದು ನೋಡು. ಎರಡನೇ ವಚನದಲ್ಲೇ ಅವರನ್ನು ಪರಿಶುದ್ಧರಾಗಲು ಕರೆಯಲ್ಪಟ್ಟವರು ಅಂತಾನೆ. ಹತ್ತು ವಚನ ದಾಟುವುದರೊಳಗೆ ಅವರ ಗುಂಪುಗಾರಿಕೆ ಶುರು: ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು. ಆರನೇ ಅಧ್ಯಾಯಕ್ಕೆ ಬಂದರೆ ಕೋರ್ಟು. ನಿಮ್ಮ ಸಭೆಯ ಕಥೆಯೇ ಅಲ್ವಾ? ಆದರೂ ಪೌಲ ಅವರಿಗೆ ಕೊಟ್ಟ ಆ ಹೆಸರನ್ನು ವಾಪಸು ತಗೊಳ್ಳಲಿಲ್ಲ.

ಕೋರ್ಟಿಗೆ ಹೋಗುವುದು ಯಾವಾಗಲೂ ಪಾಪ ಅಂತ ನಾನು ಹೇಳಲ್ಲ. ಹಣ ನುಂಗಿದ್ದರೆ, ಆಸ್ತಿ ಮಾರಿದ್ದರೆ ಕಾನೂನು ಬೇಕು. ಸಭೆಯ ಮಾನ ಹೋಗುತ್ತದೆ ಅಂತ ಕಳ್ಳತನವನ್ನು ಮುಚ್ಚಿಡುವುದಕ್ಕೆ 1 ಕೊರಿಂಥ 6ನ್ನು ಎಳೆದು ತರಬಾರದು. ಆದರೆ ಯಾರು ಅಧ್ಯಕ್ಷ, ಯಾರು ಕಾರ್ಯದರ್ಶಿ ಅನ್ನುವುದಕ್ಕೆಲ್ಲ ವಕೀಲರ ಫೀಸು ಕಟ್ಟುವವರನ್ನು ಪೌಲ ಕೇಳುತ್ತಾನೆ: ನಿಮ್ಮಲ್ಲಿ ತೀರ್ಮಾನ ಮಾಡಬಲ್ಲ ಬುದ್ಧಿವಂತ ಒಬ್ಬನೂ ಇಲ್ವಾ? ಅನ್ಯಾಯವನ್ನು ಯಾಕೆ ತಡೆದುಕೊಳ್ಳಬಾರದು? ಇದು ಬಹಳ ಕಷ್ಟದ ಮಾತು. ನನಗೂ ಪ್ರತಿ ಸಲ ಓದಿದಾಗ ಒಳಗೆ ಇರಿಸುಮುರಿಸು ಆಗುತ್ತದೆ.

ನೀನು ಹೋಗುವ ಮುಂಚೆ ಈ ಎರಡು ಗುಂಪು ಯಾಕೆ ಆಯಿತು ಅಂತ ಕೇಳು. ಮೇಲ್ನೋಟಕ್ಕೆ ಚುನಾವಣೆ. ಕೆದಕಿದರೆ ಬಹಳ ಸಲ ಎರಡು ಮನೆತನ, ಎರಡು ಭಾಷೆ, ಅಥವಾ ಹೇಳಲು ನಾಚಿಕೆಯಾಗಬೇಕು, ಎರಡು ಜಾತಿ. ಯೆರೂಸಲೇಮಿನ ಮೊದಲ ಸಭೆಯಲ್ಲೂ ಇಂಥದ್ದೇ ಆಯಿತು. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟ ಹಂಚುವಾಗ ಕಡೆಗಣಿಸುತ್ತಿದ್ದಾರೆ ಅಂತ ದೂರು ಬಂತು. ಅಪೊಸ್ತಲರು ಗೊಣಗಬೇಡಿ, ಪ್ರಾರ್ಥನೆ ಮಾಡಿ ಅನ್ನಲಿಲ್ಲ. ನಂಬಿಕಸ್ತರಾದ ಏಳು ಜನರನ್ನು ನೀವೇ ಆರಿಸಿ ಅಂದರು. ಆ ಏಳು ಹೆಸರು ಓದು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅಂದರೆ ಯಾರ ಕಡೆಯಿಂದ ದೂರು ಬಂದಿತ್ತೋ ಅವರ ಕೈಗೇ ಪಾತ್ರೆ ಕೊಟ್ಟ ಹಾಗಿದೆ. ಗೆದ್ದ ಗುಂಪು ಸೋತವರನ್ನು ಕರೆದು ಲೆಕ್ಕ ನೀವು ನೋಡಿಕೊಳ್ಳಿ ಅನ್ನುವುದನ್ನು ನಾನು ನನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ. ಆ ಸಭೆಯಲ್ಲಿ ಮುಂದೆ ಆ ವಿಷಯಕ್ಕೆ ಜಗಳ ಬರಲಿಲ್ಲ.

ತಾಳ್ಮೆ ಎಷ್ಟು ಬೇಕು ಅಂತಲೂ ಹೇಳ್ತೀನಿ. ಬೇರೆ ಬೇರೆ ಮಿಷನ್ನುಗಳ ಸಭೆಗಳು ಒಂದಾಗಬೇಕು ಅಂತ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು. ಬಿಷಪ್ಪರು ಬೇಕಾ ಬೇಡ್ವಾ, ಯಾರ ಅಭಿಷೇಕ ಸರಿ, ಹೀಗೆ ಒಂದೊಂದಕ್ಕೂ ವರ್ಷಗಟ್ಟಲೆ ಕೂತರು. ಆಂಗ್ಲಿಕನ್, ಮೆಥೊಡಿಸ್ಟ್, ದಕ್ಷಿಣ ಭಾರತ ಐಕ್ಯ ಸಭೆ ಸೇರಿ ದಕ್ಷಿಣ ಭಾರತ ಸಭೆ ಆಗಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. 28 ವರ್ಷ. ಶುರು ಮಾಡಿದವರಲ್ಲಿ ಎಷ್ಟೋ ಜನ ಅದನ್ನು ನೋಡಲು ಉಳಿದಿರಲಿಲ್ಲ. ನಿನ್ನ ಗೆಳೆಯರು ಎಷ್ಟು ತಿಂಗಳು ಕಾದಿದ್ದಾರೆ?

ಯಾವತ್ತೂ ಸಭೆ ಬಿಡಬಾರದು ಅಂತ ಇಲ್ಲ. ಸುಳ್ಳು ಬೋಧನೆ ಇದ್ದರೆ, ಜನರನ್ನು ಹಿಂಸೆ ಮಾಡುತ್ತಿದ್ದರೆ ಬಿಡು. ಬೇಸರ ಆಯಿತು ಅಂತ ಬಿಡಬೇಡ. ಮೊದಲು ಆ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನ ಕೈಲಾದದ್ದು ಮಾಡು. ವಚನವನ್ನು ಕಲ್ಲಿನ ಹಾಗೆ ಬೀಸುವವನಿಗೆ ಗ್ರೂಪಿನಲ್ಲಿ ಉತ್ತರ ಕೊಡಬೇಡ. ಅವನಿಗೆ ಫೋನ್ ಮಾಡಿ, ಬಾ ಟೀ ಕುಡಿಯೋಣ ಅನ್ನು. ಎದುರು ಗುಂಪಿನ ಒಬ್ಬ ಹುಡುಗನನ್ನು ಆರಿಸಿಕೋ, ಒಬ್ಬನೇ ಸಾಕು. ಅವನ ಜೊತೆ ವಾರಕ್ಕೊಮ್ಮೆ ಪ್ರಾರ್ಥನೆಗೆ ಕೂತುಕೋ. ಚುನಾವಣೆ ವಿಷಯ ಅಲ್ಲಿ ಎತ್ತಬೇಡಿ. ಅವನ ಅಮ್ಮನ ಶುಗರ್, ನಿನ್ನ ಕೆಲಸದ ಇಂಟರ್ವ್ಯೂ, ಇದಕ್ಕೆ ಪ್ರಾರ್ಥಿಸಿ. ಆರು ತಿಂಗಳು ಹೀಗೆ ಮಾಡಿ ಆಮೇಲೆ ಹೋಗಬೇಕಾ ಬೇಡವಾ ಅಂತ ಯೋಚನೆ ಮಾಡು.

ಪ್ರಶ್ನೆ: ನನ್ನ ಗಂಡ ಸಭೆಯ ಹಿರಿಯರು. ಭಾನುವಾರ ಪ್ರಾರ್ಥನೆ ನಡೆಸುತ್ತಾರೆ. ಮನೆಯಲ್ಲಿ ಹೊಡೆಯುತ್ತಾರೆ. ಪಾಸ್ಟರ್ ಹತ್ತಿರ ಹೇಳಿದೆ. ಏಳೆಪ್ಪತ್ತು ಸಾರಿ ಕ್ಷಮಿಸಬೇಕು, ಹೊರಗೆ ಹೇಳಿದರೆ ಸಾಕ್ಷಿ (ಜನರ ಮುಂದೆ ನಮ್ಮ ನಂಬಿಕೆಯ ಹೆಸರು) ಕೆಡುತ್ತದೆ ಅಂದರು. ನಾನು ಇನ್ನೆಷ್ಟು ತಗ್ಗಬೇಕು ಅಕ್ಕ?

ಉತ್ತರ: ಇನ್ನು ತಗ್ಗಬೇಡಮ್ಮ. ಮೇಲಿನ ಇಬ್ಬರಿಗೆ ನಾನು ಹೇಳಿದ ಯಾವ ಮಾತನ್ನೂ ನೀನು ನಿನಗೆ ಅನ್ವಯಿಸಿಕೊಳ್ಳಬೇಡ. ಒಬ್ಬಳೇ ಹೋಗಿ ಮಾತಾಡು, ಕಾದು ನೋಡು ಅನ್ನುವುದು ಹೊಡೆಯುವವರ ಮುಂದೆ ಅಲ್ಲ.

ಮೊದಲು ನಿನ್ನ ಜೀವ. ಮಹಿಳಾ ಸಹಾಯವಾಣಿ 181. ಆ ಕ್ಷಣಕ್ಕೆ ಅಪಾಯ ಇದ್ದರೆ 112. ಮನೆಯೊಳಗಿನ ಹಿಂಸೆ ತಡೆಯಲು 2005ರ ಕಾಯ್ದೆ ಇದೆ. ಅದರಲ್ಲಿ ರಕ್ಷಣಾಧಿಕಾರಿ ಅಂತ ಇರುತ್ತಾರೆ, ಅವರ ಮೂಲಕ ಕೋರ್ಟಿನಿಂದ ರಕ್ಷಣೆಯ ಆದೇಶ ಪಡೆಯಬಹುದು. ನೀನು ವಾಸವಾಗಿರುವ ಮನೆಯಲ್ಲಿ ಇರುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿದೆ. ಪೆಟ್ಟು ಬಿದ್ದಾಗ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹಾಗೇ ಹೇಳಿ ಬರೆಸು. ಬಾತ್‌ರೂಮಲ್ಲಿ ಜಾರಿ ಬಿದ್ದೆ ಅನ್ನಬೇಡ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಕಾಗದಪತ್ರ ಒಂದು ಚೀಲಕ್ಕೆ ಹಾಕಿ ನಂಬುವವರ ಮನೆಯಲ್ಲಿ ಇಡು.

ಕ್ಷಮೆಯ ಬಗ್ಗೆ. ಕ್ಷಮಿಸುವುದು ಬೇರೆ, ಹೊಡೆಸಿಕೊಳ್ಳುತ್ತಾ ಇರುವುದು ಬೇರೆ. ಏಳೆಪ್ಪತ್ತು ಸಾರಿ ಅನ್ನುವ ಮಾತು ಬರುವ ಮತ್ತಾಯ 18ನೇ ಅಧ್ಯಾಯದಲ್ಲೇ, ಅದಕ್ಕೂ ಮುಂಚೆ, ತಪ್ಪು ಮಾಡಿ ಯಾರ ಮಾತನ್ನೂ ಕೇಳದವನ ವಿಷಯವನ್ನು ಸಭೆಗೆ ತಿಳಿಸು ಅಂತ ಇದೆ. ನಿಮ್ಮ ಪಾಸ್ಟರ್ ಅರ್ಧ ಅಧ್ಯಾಯ ಓದಿದ್ದಾರೆ. 1 ತಿಮೊಥೆ 3ರಲ್ಲಿ ಸಭೆಯನ್ನು ನಡೆಸುವವನು ಹೊಡೆದಾಡುವವನಾಗಿರಬಾರದು, ತನ್ನ ಮನೆಯನ್ನು ನೋಡಿಕೊಳ್ಳಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ಇದೆ. 1 ಪೇತ್ರ 3:7ರಲ್ಲಿ ಹೆಂಡತಿಗೆ ಗೌರವ ಕೊಡದ ಗಂಡನ ಪ್ರಾರ್ಥನೆಗೇ ಅಡ್ಡಿ ಬರುತ್ತದೆ ಅಂತ ಇದೆ. ಹಾಗಿರುವಾಗ ಸಾಕ್ಷಿ ಕೆಡಿಸಿದ್ದು ನೀನಲ್ಲ. ಅವರನ್ನು ವೇದಿಕೆಯಿಂದ ಇಳಿಸದೆ ಇರುವವರೂ ಆ ಪಾಪದಲ್ಲಿ ಪಾಲುದಾರರು. ಇದನ್ನು ಓದುತ್ತಿರುವ ಸಭಾಪಾಲಕರಿಗೂ ಒಂದು ಮಾತು: ವಿಷಯ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದಾದರೆ, ಗೊತ್ತಿದ್ದೂ ತಿಳಿಸದೆ ಇರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಸಮಿತಿಯಲ್ಲಿ ಕೂತು ರಾಜಿ ಮಾಡಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098.

ಪತ್ರದಲ್ಲಿ ಫೋನ್ ನಂಬರ್ ಬರೆದಿಲ್ಲ ನೀನು. ಸುರಕ್ಷಿತವಾದ ಜಾಗದಿಂದ ಪತ್ರಿಕೆಯ ಕಚೇರಿಗೆ ಫೋನ್ ಮಾಡು. ನಿನ್ನ ಜಿಲ್ಲೆಯ ಅಧಿಕಾರಿಯ ಹತ್ತಿರ ಜೊತೆಗೆ ಬರುವವರನ್ನು ನಾನು ಹುಡುಕಿ ಕೊಡುತ್ತೇನೆ.

ಪ್ರಶ್ನೆ: ನನಗೆ 71 ವರ್ಷ. ಮಂಗಳೂರಿನ ಹತ್ತಿರ ಒಂದು ಹಳ್ಳಿ, ಕಥೋಲಿಕ ಕುಟುಂಬ. ಪಕ್ಕದ ಮನೆಯವರೂ ನಮ್ಮ ಚರ್ಚಿನವರೇ, ಒಂದೇ ವಾರ್ಡು. ನಾಲ್ಕು ವರ್ಷದ ಹಿಂದೆ ಕಾಂಪೌಂಡ್ ಗೋಡೆ ಕಟ್ಟುವಾಗ ನಾನು ಬಾಯಿಗೆ ಬಂದ ಹಾಗೆ ಬೈದೆ, ಅವರ ತೀರಿಹೋದ ತಂದೆಯನ್ನೂ ಸೇರಿಸಿ. ಆಮೇಲೆ ಪಾಪನಿವೇದನೆ ಮಾಡಿದೆ. ಗುರ್ಕಾರರನ್ನು (ವಾರ್ಡಿನ ಮುಖಂಡರನ್ನು) ಕರೆದುಕೊಂಡು ಹೋಗಿ ಕ್ಷಮೆಯನ್ನೂ ಕೇಳಿದೆ. ಅವರು ಬಾಗಿಲು ತೆಗೆಯಲಿಲ್ಲ, ಕಿಟಕಿಯಿಂದಲೇ ಹೋಗಿ ಅಂದರು. ಮುಂಚೆ ಕ್ರಿಸ್ಮಸ್‌ಗೆ ಅವರ ಮನೆಗೆ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆ ಹೋಗುತ್ತಿತ್ತು. ಈಗ ನಿಂತಿದೆ. ನಾನು ಮಾಡಬೇಕಾದದ್ದು ಮಾಡಿ ಆಯಿತಲ್ಲ, ಇನ್ನು ಸುಮ್ಮನಿರಲೇ? ಅಥವಾ ಈ ಸಲ ತಟ್ಟೆ ಕಳಿಸಲೇ?

ಉತ್ತರ: ಅಣ್ಣಾ, ನೀವು ಆ ಮನೆ ಬಾಗಿಲಿಗೆ ಹೋದಿರಲ್ಲ, ಅದೇ ದೊಡ್ಡದು. 67ನೇ ವಯಸ್ಸಲ್ಲಿ ನನ್ನದು ತಪ್ಪಾಯಿತು ಅಂತ ಇನ್ನೊಬ್ಬರ ಮೆಟ್ಟಿಲು ಹತ್ತುವುದು ಸುಲಭ ಅಲ್ಲ. ಆದರೆ ಬಾಗಿಲು ತೆಗೆಯುವುದು ಅವರ ಕೈಯಲ್ಲಿದೆ. ರೋಮಾಪುರದವರಿಗೆ ಬರೆದ ಪತ್ರಿಕೆ 12:18ರಲ್ಲಿ ಪೌಲ ಎಲ್ಲರ ಜೊತೆ ಸಮಾಧಾನವಾಗಿರಿ ಅನ್ನುವಾಗ, ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು ಅಂತ ಸೇರಿಸಿದ್ದಾನೆ. ಅವನಿಗೂ ಅನುಭವ ಇತ್ತು. ಮಾರ್ಕನನ್ನು ಜೊತೆಗೆ ಕರೆದುಕೊಂಡು ಹೋಗಲು ಪೌಲ ಒಪ್ಪಲಿಲ್ಲ, ಆ ವಿಷಯಕ್ಕೆ ಅವನೂ ಜೊತೆಗಾರ ಬಾರ್ನಬನೂ ಎಷ್ಟು ಜಗಳ ಆಡಿದರು ಅಂದರೆ, ಒಬ್ಬ ಕುಪ್ರ (ಸೈಪ್ರಸ್) ದ್ವೀಪಕ್ಕೆ ಹಡಗು ಹತ್ತಿದ, ಇನ್ನೊಬ್ಬ ಸಿರಿಯದ ಕಡೆ ಹೋದ. ಅಪೊಸ್ತಲರ ಕೃತ್ಯಗಳು ಪುಸ್ತಕ ಅದನ್ನು ಮುಚ್ಚಿಟ್ಟಿಲ್ಲ. ಆದರೆ 2 ತಿಮೊಥೆಯ ಕೊನೆಯ ಅಧ್ಯಾಯದಲ್ಲಿ, ಸೆರೆಮನೆಯಲ್ಲಿ ಕೂತ ಮುದುಕ ಪೌಲ ಬರೆಯುತ್ತಾನೆ: ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ. ನಡುವೆ ಯಾರು ಯಾರ ಮನೆಗೆ ಹೋದರು, ಯಾರು ಮೊದಲು ಮಾತಾಡಿದರು ಅಂತ ಎಲ್ಲೂ ಬರೆದಿಲ್ಲ.

ನನ್ನದೇ ಒಂದು ಹೇಳುತ್ತೇನೆ. ಸಂಡೇ ಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಒಬ್ಬ ಟೀಚರ್ ಬಗ್ಗೆ ನಾನು ಸಮಿತಿಗೆ ಒಂದು ಕಾಗದ ಬರೆದೆ. ಅದರಲ್ಲಿ ಬರೆದದ್ದು ಅರ್ಧ ಸರಿ, ಅರ್ಧ ನನ್ನ ಹೊಟ್ಟೆಕಿಚ್ಚು. ಆಮೇಲೆ ಹೋಗಿ ಕ್ಷಮೆ ಕೇಳಿದೆ. ಸರಿ ಅಂದರು, ಅಷ್ಟೇ. ಮೂರು ವರ್ಷ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಪ್ರತಿ ಭಾನುವಾರ ನಮಸ್ಕಾರ ಟೀಚರ್ ಅನ್ನುತ್ತಿದ್ದೆ, ಅವರು ತಲೆ ಕೂಡ ಆಡಿಸುತ್ತಿರಲಿಲ್ಲ. ನಮ್ಮ ಅಮ್ಮ ತೀರಿಹೋದ ದಿನ ಮನೆ ತುಂಬ ಜನ. ಅಡುಗೆಮನೆಗೆ ಹೋದರೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದವರು ಕುಡಿದಿಟ್ಟ ಕಾಫಿ ಲೋಟಗಳನ್ನೆಲ್ಲ ತೊಳೆಯುತ್ತಾ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ನಾನು ಬಟ್ಟೆ ತಗೊಂಡು ಒರೆಸೋಕೆ ನಿಂತೆ. ಆ ಕಾಗದದ ಬಗ್ಗೆ ಅವತ್ತೂ ಮಾತಾಡಲಿಲ್ಲ, ಇವತ್ತಿನ ತನಕವೂ ಮಾತಾಡಿಲ್ಲ.

ಹಾಗಾಗಿ ತಟ್ಟೆ ಕಳಿಸಿ ಅಣ್ಣ. ನೆವ್ರಿ, ರೋಸ್ ಕುಕ್ಕೀಸ್, ಚಕ್ಕುಲಿ, ಮನೆಯಲ್ಲಿ ಏನು ಮಾಡುತ್ತೀರೋ ಅದೆಲ್ಲ ಹಾಕಿ, ಮುಂಚೆ ಕಳಿಸುತ್ತಿದ್ದ ಅದೇ ಅಳತೆಯಲ್ಲಿ. ಜಾಸ್ತಿ ಹಾಕಬೇಡಿ, ಲಂಚದ ಹಾಗೆ ಕಾಣುತ್ತದೆ. ಚೀಟಿ ಇಡಬೇಡಿ. ಮೊಮ್ಮಗನ ಕೈಯಲ್ಲಿ ಕಳಿಸಿ, ಮಕ್ಕಳನ್ನು ಬಾಗಿಲಿಂದ ವಾಪಸು ಕಳಿಸಲು ಯಾರಿಗೂ ಮನಸ್ಸು ಬರಲ್ಲ. ಗೋಡೆಯ ಈಚೆ ನಿಂತು ತಗೊಂಡರಾ ಇಲ್ವಾ ಅಂತ ನೋಡಬೇಡಿ. ತಟ್ಟೆ ಹಾಗೇ ವಾಪಸು ಬಂದರೆ ಮನೆಯವರ ಮುಂದೆ ಅವರನ್ನು ಬೈಯಬೇಡಿ. ತೊಳೆದು ಇಟ್ಟುಕೊಳ್ಳಿ, ಬರುವ ವರ್ಷಕ್ಕೆ ಬೇಕಾಗುತ್ತದೆ.